ಮಸ್ಕಿಯ ಬಂಡೆಯ ಮೇಲಿನ ‘ನಾನು’

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಸಿಗುವ ಮಸ್ಕಿಯ ಗುಡ್ಡದಲ್ಲಿ ಒಬ್ಬ ಚಕ್ರವರ್ತಿ ತನ್ನ ಬಗ್ಗೆ ತಾನೇ ಮಾತನಾಡಿದ್ದಾನೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಕಂಡ ಆ ಬಂಡೆಗಲ್ಲಿನ ಬರಹವನ್ನು ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ‘ದೇವಾನಾಂಪ್ರಿಯ’ ಎಂದಷ್ಟೇ ಹೇಳಿಕೊಳ್ಳುತ್ತಿದ್ದ ದೊರೆ ಅಶೋಕನೇ ಎಂಬುದಕ್ಕೆ ಶಾಸನದ ಆಧಾರ ಮೊದಲು ದೊರೆತದ್ದು ಇಲ್ಲಿ. ಪಠ್ಯಪುಸ್ತಕಗಳು ಮಸ್ಕಿಯನ್ನು ನೆನೆಯುವುದು ಈ ಒಂದು ಹೆಸರಿಗಾಗಿ. ಹೆಸರಿನ ನಂತರ ಅವನು ಏನು ಹೇಳಿದ್ದಾನೆ ಎಂದು ಕೇಳುವವರು ಕಡಿಮೆ.

ಹೇಳಿದ್ದು ಸ್ವಾರಸ್ಯಕರವಾಗಿದೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಸಂಘದ ಸಂಪರ್ಕಕ್ಕೆ ಬಂದು ಶ್ರದ್ಧೆಯಿಂದ ಶ್ರಮಿಸತೊಡಗಿ ಒಂದು ವರ್ಷದ ಮೇಲಾಯಿತು ಎಂದು ಲೆಕ್ಕ ಒಪ್ಪಿಸುತ್ತಾನೆ. ಹಾಗಾದರೆ ನಡುವಿನ ಅವಧಿಯಲ್ಲಿ? ಮಸ್ಕಿಯ ಅಕ್ಷರಗಳು ಅಲ್ಲಲ್ಲಿ ಸವೆದಿವೆ. ಇದೇ ಶಾಸನದ ಬ್ರಹ್ಮಗಿರಿಯ ಪಾಠ ಮಾತ್ರ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ: ಮೊದಲ ಒಂದು ವರ್ಷ ತಾನು ಹೆಚ್ಚಿನ ಪ್ರಯತ್ನವನ್ನೇನೂ ಮಾಡಲಿಲ್ಲ ಎಂದು. ಆನಂತರ ದುಡಿದದ್ದನ್ನೂ, ಅದು ಫಲಿಸಿದ್ದನ್ನೂ ಅಷ್ಟೇ ನೇರವಾಗಿ ಹೇಳಿಕೊಳ್ಳುತ್ತಾನೆ. ಕೊನೆಗೆ, ಈ ಫಲ ದೊಡ್ಡವರಿಗೆ ಮಾತ್ರ ಎಂದು ಭಾವಿಸಬಾರದು, ಧರ್ಮದಲ್ಲಿ ತೊಡಗಿದರೆ ಸಣ್ಣವರಿಗೂ ಅದು ಸಾಧ್ಯ ಎನ್ನುತ್ತಾನೆ. ಕಲ್ಲಿನ ಮೇಲೆ ಕೊರೆಸಿದ ಆತ್ಮಪ್ರಶಂಸೆಗೆ ನಮ್ಮ ನಾಡಿನಲ್ಲಿ ಬರವಿಲ್ಲ. ತಾನು ಕಳೆದುಕೊಂಡ ವರ್ಷವನ್ನು ಕೊರೆಸಿದ ದೊರೆಗಳು ಅಪರೂಪ.

ನಾವು ವಿನಯವನ್ನು ಅರ್ಥಮಾಡಿಕೊಂಡಿರುವ ರೀತಿಯೇ ಬೇರೆ. ತನ್ನ ಬುದ್ಧಿಯ ಬಗ್ಗೆ ತಾನು ಬಾಯಿಬಿಡಬಾರದು, ಬೇರೆಯವರು ಹೇಳಬೇಕು ಎಂದು ಮಕ್ಕಳಿಗೆ ಕಲಿಸುತ್ತೇವೆ. ನಂತರ ಅದೇ ಮಕ್ಕಳು ಸಂದರ್ಶನದ ಮೇಜಿನೆದುರು ಕುಳಿತಾಗ ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆ ಬರುತ್ತದೆ. ನಗರದ ಶಾಲೆಗಳಲ್ಲಿ ಓದಿದವರು ಕಲಿತ ಪಾಠ ಒಪ್ಪಿಸುತ್ತಾರೆ. ರಾಯಚೂರು ಸೀಮೆಯಿಂದ ಬಂದ ಹುಡುಗ ಹೆಸರು, ಊರು, ತಂದೆಯ ಕಸುಬು ಹೇಳಿ ತಲೆತಗ್ಗಿಸುತ್ತಾನೆ. ಅವನಿಗೆ ತಿಳಿದಿಲ್ಲವೆಂದಲ್ಲ. ತಿಳಿದಿದೆ ಎಂದು ಹೇಳಿಕೊಳ್ಳುವ ಹಕ್ಕು ತನಗಿದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಈ ಮೌನಕ್ಕೆ ಮನೆಯ ಸಂಸ್ಕಾರವಷ್ಟೇ ಕಾರಣವಲ್ಲ. 2002ರ ನಂಜುಂಡಪ್ಪ ಸಮಿತಿಯ ವರದಿ ಲಿಂಗಸುಗೂರು ಮತ್ತು ಸಿಂಧನೂರು ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದ’ ಪಟ್ಟಿಗೆ ಸೇರಿಸಿತು. ಮಸ್ಕಿ ಆಗಿನ್ನೂ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಅನುದಾನಕ್ಕೆ ಆ ಪದ ಅಗತ್ಯ, 371(ಜೆ) ವಿಧಿಯ ಮೀಸಲಾತಿಯೂ ನ್ಯಾಯವಾದದ್ದೇ. ಆದರೆ ನೆಲಕ್ಕೆ ಅಂಟಿಸಿದ ಪದ ಮೆಲ್ಲಗೆ ಮನುಷ್ಯರಿಗೂ ಅಂಟಿಕೊಳ್ಳುತ್ತದೆ. ಆಗ ಅಧೈರ್ಯವೇ ವಿನಯದ ವೇಷದಲ್ಲಿ ಓಡಾಡುತ್ತದೆ. ನಾವು ಅದನ್ನು ‘ಒಳ್ಳೆಯ ಹುಡುಗ’ ಎಂದು ಮೆಚ್ಚಿಕೊಳ್ಳುತ್ತೇವೆ!

ಇದೇ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪರಂಪರೆ ನಂಬುವ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಯ ಕತೆಯಲ್ಲಿ ಈ ಗೊಂದಲವಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು ಅವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ಆಸೆ, ಹಿಂದಕ್ಕೆ ಸುರಿದು ಬಾ ಎಂದವಳು ಲಕ್ಕಮ್ಮ. ಬಡವಿ, ಹೆಂಡತಿ, ಓದುಬರಹದ ಪ್ರತಿಷ್ಠೆಯಿಲ್ಲದವಳು. ಆದರೂ ತನ್ನ ಅರಿವಿನ ಬಗ್ಗೆ ಸಂಕೋಚವಿಲ್ಲ. ಅಗತ್ಯಕ್ಕಿಂತ ಹೆಚ್ಚು ಬೇಡವೆನ್ನುವುದು ಅವಳ ವಿನಯ, ಗಂಡನನ್ನು ತಿದ್ದುವುದು ಅವಳ ಆತ್ಮವಿಶ್ವಾಸ. ಒಂದೇ ಮಾತಿನಲ್ಲಿ ಎರಡೂ ಇವೆ.

ಸಂದರ್ಶನಕ್ಕೆ ತರಬೇತಿ ಕೊಡುವವರು ಹುಡುಗರಿಗೆ ಬಡಾಯಿ ಕಲಿಸಬೇಕಾಗಿಲ್ಲ. ಎಷ್ಟು ವರ್ಷ ಓದಿದೆ, ಎಲ್ಲಿ ಉದಾಸೀನ ಮಾಡಿದೆ, ಆಮೇಲೆ ಏನು ಕಲಿತೆ, ಈಗ ಏನು ಮಾಡಬಲ್ಲೆ ಎಂಬ ಲೆಕ್ಕವನ್ನು ತಡವರಿಸದೆ ಹೇಳುವುದನ್ನು ಕಲಿಸಿದರೆ ಸಾಕು. ಸಿಂಧನೂರು, ಲಿಂಗಸುಗೂರಿನ ಶಾಲೆಗಳಿಗೆ ಮಸ್ಕಿ ಅರ್ಧ ದಿನದ ಪ್ರವಾಸ. ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯುವ ಮೇಷ್ಟ್ರುಗಳು ಅಶೋಕನ ಹೆಸರು ತೋರಿಸಿ ಇಳಿದು ಬರದೆ, ಮುಂದಿನ ಸಾಲುಗಳನ್ನೂ ಓದಿ ಹೇಳಲಿ.