ಚಿಕ್ಕಬೆಟ್ಟದ ಮೇಲೆ ಇಬ್ಬರು

ಚಿಕ್ಕಬಾಣಾವರದಲ್ಲಿ ರೈಲು ಹಳಿ ಕವಲೊಡೆಯುತ್ತದೆ. ಒಂದು ತುಮಕೂರಿಗೆ. ಇನ್ನೊಂದು, 2017ರಲ್ಲಿ ಪೂರ್ತಿಯಾದದ್ದು, ನೆಲಮಂಗಲ, ಕುಣಿಗಲ್ ದಾಟಿ ಶ್ರವಣಬೆಳಗೊಳಕ್ಕೆ. ಪೀಣ್ಯದ ಶಿಫ್ಟ್ ಮುಗಿಸಿ ಪ್ಲಾಟ್‌ಫಾರಂನಲ್ಲಿ ನಿಂತವರಿಗೆ ಯಾರಾದರೂ ಹೇಳಬಾರದೇ, ಈ ಹಳಿ ಎಂಥ ಕಥೆಯ ಬಾಗಿಲಿಗೆ ಹೋಗುತ್ತದೆ ಅಂತ!

ಬಾಹುಬಲಿಯ ಬೆಟ್ಟವಲ್ಲ, ಅಲ್ಲಿಗೆ ಎಲ್ಲರೂ ಓಡುತ್ತಾರೆ. ಎದುರಿನ ಚಿಕ್ಕಬೆಟ್ಟ ಹತ್ತಿ. ಗಂಧವಾರಣ ಬಸದಿಯ ಬಳಿ ಒಂದು ಶಾಸನದ ಕಂಬ. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರ ಮಾರ್ಚ್‌ನಲ್ಲಿ ಸಲ್ಲೇಖನ ಹಿಡಿದು, ಅಂದರೆ ಜೈನ ವ್ರತದಂತೆ ಆಹಾರ ತೊರೆದು, ಪ್ರಾಣ ಬಿಟ್ಟನೆಂದು ಅದು ಹೇಳುತ್ತದೆ. ಮೂರನೆಯ ಕೃಷ್ಣನಂಥ ಚಕ್ರವರ್ತಿಯ ಮೊಮ್ಮಗ! 973ರಲ್ಲಿ ಚಾಲುಕ್ಯ ತೈಲಪ ಮಾನ್ಯಖೇಟದ ಸಿಂಹಾಸನ ಉರುಳಿಸಿದ. ಇಂದ್ರನ ಸೋದರಮಾವ, ಗಂಗರ ಮಾರಸಿಂಹ, ಅಳಿಯನಿಗೆ ಪಟ್ಟ ಉಳಿಸಲು ಹೆಣಗಿ ಸೋತು, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದಲೇ ಮಡಿದ. ಕಂಬದ ಮೇಲಿನ ಪದ್ಯಗಳು ಇಂದ್ರನನ್ನು ಯಾತಕ್ಕೆ ಹೊಗಳುತ್ತವೆ ಗೊತ್ತೇ? ಕುದುರೆಯೇರಿ ಚೆಂಡಾಡುವ ಕೈಚಳಕಕ್ಕೆ! ರಾಜ್ಯವಿಲ್ಲದ ರಾಜನಲ್ಲಿ ಹೊಗಳಲು ಅದೇ ಉಳಿದಿತ್ತೇನೋ.

ಸೋಜಿಗ ಇನ್ನೂ ಇದೆ. ಅದೇ ಬೆಟ್ಟದ ಬಂಡೆಯಲ್ಲಿ ‘ಕವಿರತ್ನ’ ಎಂಬ ಹೆಸರು ಕೊರೆದಿದೆ. ಮುಧೋಳದ ಬಳೆಗಾರರ ಮನೆಯ ರನ್ನನದೇ ಅದು ಎನ್ನುತ್ತಾರೆ ವಿದ್ವಾಂಸರು. ಅವನ ಗುರು ಯಾರು? ಅದೇ ಅಜಿತಸೇನರು! ಆಸರೆ ಕೊಟ್ಟವನು ಗಂಗರ ಮಂತ್ರಿ ಚಾವುಂಡರಾಯ. ಅಂದರೆ ಸೋತವರ ಪಾಳಯದಲ್ಲಿ ಬೆಳೆದ ಹುಡುಗ, ಆಮೇಲೆ ಸೇರಿದ್ದು ಗೆದ್ದವರ ಆಸ್ಥಾನ.

ಅಲ್ಲಿ ಹುಟ್ಟಿತು ‘ಗದಾಯುದ್ಧ’. ಹಲವರು ಅದಕ್ಕೆ ಹೇಳುವ ವರ್ಷ 982. ಇಂದ್ರ ಸತ್ತ ವರ್ಷ!

ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಹಾಡಬೇಕಾದ ಕಾವ್ಯ ಅದು. ರನ್ನ ಹಾಡಿದ್ದಾನೆ, ನಿಜ. ಆದರೆ ಓದುಗರ ಕರುಳು ಹಿಂಡುವವನು ದುರ್ಯೋಧನ. ಸಂಜಯನ ಕೈ ಆಸರೆಯಲ್ಲಿ ಹೆಣಗಳ ನಡುವೆ ಎಡವುತ್ತ ಬರುತ್ತಾನೆ. ದ್ರೋಣ ಬಿದ್ದಿದ್ದಾನೆ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಜೀವದ ಗೆಳೆಯ ಕರ್ಣ. ಎಲ್ಲವೂ ಅವನದೇ ಹಠದ ಬೆಳೆ. ರಣರಂಗದ ಮರುಳುಗಳೂ ಹಂಗಿಸುತ್ತವೆ. ಆದರೂ ಸಂಧಿಗೆ ಒಲ್ಲೆ ಎನ್ನುತ್ತಾನೆ. ಅಂಥವನು ಶತ್ರುವಿನ ಮಗ ಅಭಿಮನ್ಯುವಿನ ಹೆಣದೆದುರು ನಿಂತು, ಕೈಮುಗಿದು, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ! ತಪ್ಪಿತಸ್ಥನನ್ನು ತಪ್ಪಿತಸ್ಥನಾಗಿಯೇ ಉಳಿಸಿ ಇಷ್ಟು ಎತ್ತರಕ್ಕೆ ಒಯ್ದ ಕವಿ ಕನ್ನಡದಲ್ಲಿ ಇನ್ನೊಬ್ಬನಿಲ್ಲ.

ಬರೆಯುವಾಗ ಅವನ ಮನಸ್ಸಿನಲ್ಲಿ ಇಂದ್ರನಿದ್ದನೇ? ಸಾಕ್ಷಿಯಿಲ್ಲ. ಇದ್ದಿರಬೇಕು ಎಂದು ನನಗೆ ಆಸೆ. ಅಂದಹಾಗೆ, ಬಿದ್ದ ದೊರೆಗಾಗಿ ಕಣ್ಣೀರು ತರಿಸಿದ ಈ ರನ್ನನಿಗೆ ‘ಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟವನು ರಾಷ್ಟ್ರಕೂಟರನ್ನು ಉರುಳಿಸಿದ ಅದೇ ತೈಲಪ!