ಸ್ವಭಾವವೂ ಸಂದರ್ಭವೂ

ಒಬ್ಬರ ವಿಚಾರವಾಗಿ ನಮ್ಮನ್ನು ಯಾರಾದರೂ ಕೇಳಿದರೆ ನಾವು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟುಬಿಡುವೆವು. ‘ಅವರೋ? ಬಹಳ ಮುಂಗೋಪಿ.’ ‘ಆಕೆ ಸಂಕೋಚದ ಹೆಂಗಸು.’ ‘ಆ ಹುಡುಗ ಶುದ್ಧ ಸೋಮಾರಿ.’ ಹೆಣ್ಣು ಕೊಟ್ಟು ತರುವಾಗ, ಮನೆಯನ್ನು ಬಾಡಿಗೆಗೆ ಕೊಡುವಾಗ, ಅಂಗಡಿಗೆ ಗುಮಾಸ್ತೆಯನ್ನು ಗೊತ್ತುಮಾಡುವಾಗ ನಾವು ನಂಬಿ ನಡೆಯುವುದು ಇಂಥ ಒಂದೊಂದು ಮಾತನ್ನೇ. ಅದು ಒಬ್ಬರ ಬಾಳನ್ನು ಎತ್ತಲೂಬಹುದು, ಕೆಡಿಸಲೂಬಹುದು. ಆದಕಾರಣ ಆ ಮಾತಿನ ಬೆಲೆಯೆಷ್ಟು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ. ಮೈಸೂರಿನಲ್ಲಿ 1935ರಲ್ಲಿ ಬಾನುಲಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಅಧ್ಯಾಪಕರಾಗಿದ್ದರು. ಆದುದರಿಂದ ಈ ವಿಷಯಕ್ಕೂ ಬಾನುಲಿಗೂ ಹಳೆಯ ನಂಟುಂಟು.

ಮನುಷ್ಯರನ್ನು ಬಗೆಬಗೆಯಾಗಿ ವಿಂಗಡಿಸುವ ಆಸೆ ಪುರಾತನವಾದುದು. ನಮ್ಮ ಶಾಸ್ತ್ರಕಾರರು ಸತ್ತ್ವ, ರಜಸ್ಸು, ತಮಸ್ಸು ಎಂದರು. ವೈದ್ಯರು ವಾತ, ಪಿತ್ತ, ಕಫ ಎಂದರು. ಗ್ರೀಕರು ದೇಹದ ನಾಲ್ಕು ರಸಗಳನ್ನು ಹೇಳಿದರು. ಈಚಿನವರು ನಿಘಂಟನ್ನೇ ಕೈಗೆತ್ತಿಕೊಂಡರು. 1936ರಲ್ಲಿ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಎಂಬ ಅಮೆರಿಕದ ಪಂಡಿತರಿಬ್ಬರು ದೊಡ್ಡದೊಂದು ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಒಬ್ಬರ ನಡತೆಯನ್ನು ಇನ್ನೊಬ್ಬರದರಿಂದ ಬೇರ್ಪಡಿಸಿ ತೋರಿಸುವ 17,953 ಮಾತುಗಳನ್ನು ಪಟ್ಟಿಮಾಡಿದರು. (ಕನ್ನಡದಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈಹಾಕಿದರೆ ಬೈಗುಳಗಳಿಗೇ ಒಂದು ಸಂಪುಟ ಬೇಕಾದೀತು.) ಮುಂದಿನವರು ಆ ರಾಶಿಯನ್ನು ಅಳೆದು ತೂಗಿ ಐದು ದೊಡ್ಡ ಗುಣಗಳಿಗೆ ಇಳಿಸಿರುವರು. ಜನರೊಡನೆ ಬೆರೆಯುವ ಉತ್ಸಾಹ, ಸೌಜನ್ಯ, ಕರ್ತವ್ಯದಲ್ಲಿ ಕಟ್ಟುನಿಟ್ಟು, ಮನಸ್ಸಿನ ತಳಮಳ, ಹೊಸದನ್ನು ಬರಮಾಡಿಕೊಳ್ಳುವ ಬುದ್ಧಿ, ಇವೇ ಆ ಐದು. ಇವು ಎಲ್ಲರಲ್ಲಿಯೂ ಉಂಟು; ಹೆಚ್ಚುಕಡಮೆ ಮಾತ್ರ ಬೇರೆ.

ಇಷ್ಟನ್ನು ಒಪ್ಪಬಹುದು. ಆದರೆ ಒಂದು ಗುಣವಿರುವ ಮನುಷ್ಯನು ಎಲ್ಲ ಸಂದರ್ಭಗಳಲ್ಲಿಯೂ ಆ ಗುಣವನ್ನೇ ತೋರಿಸುವನೆ? ಪೇಚಾಟವಿರುವುದು ಇಲ್ಲಿಯೇ.

1920ರ ದಶಕದಲ್ಲಿ ಹಾರ್ಟ್‌ಷಾರ್ನ್ ಮತ್ತು ಮೇ ಎಂಬ ವಿದ್ವಾಂಸರು ಎಂಟರಿಂದ ಹದಿನಾರು ವಯಸ್ಸಿನ ಸುಮಾರು ಹತ್ತು ಸಾವಿರ ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿದರು. ಅವರ ಉಪಾಯಗಳು ಬಲು ಜಾಣತನದವು. ಮಕ್ಕಳು ಬರೆದ ಉತ್ತರಗಳನ್ನು ಗುಟ್ಟಾಗಿ ನಕಲು ಮಾಡಿಟ್ಟುಕೊಂಡು, ಮೂಲವನ್ನು ಅವರಿಗೇ ಹಿಂದಿರುಗಿಸಿ, ಸರಿಯುತ್ತರದ ಹಾಳೆಯನ್ನು ಕೈಗಿತ್ತು, ನೀವೇ ಗುಣಾಂಕ ಹಾಕಿಕೊಳ್ಳಿರಿ ಎನ್ನುತ್ತಿದ್ದರು. ಯಾರು ತಿದ್ದಿಕೊಂಡರೆಂಬುದು ಆ ಮೇಲೆ ಬಯಲಾಗುತ್ತಿದ್ದಿತು. ಕಣ್ಣು ಮುಚ್ಚಿಕೊಂಡು ಸಣ್ಣ ವೃತ್ತಗಳೊಳಗೆ ಗುರುತು ಹಾಕುವ ಆಟವೊಂದಿತ್ತು. ನಿಜವಾಗಿ ಕಣ್ಣು ಮುಚ್ಚಿದವರು ಅದರಲ್ಲಿ ಹೆಚ್ಚು ಗೆಲ್ಲುವುದು ಸಾಧ್ಯವೇ ಇಲ್ಲ. ಕಸರತ್ತಿನ ಪಂದ್ಯ, ಮನೆಯಲ್ಲಿ ಮಾಡುವ ಲೆಕ್ಕ, ಪೆಟ್ಟಿಗೆಯೊಳಗೆ ಬಿಟ್ಟ ನಾಣ್ಯ, ಹೀಗೆ ನಾನಾ ಕಡೆ ಬಲೆ ಒಡ್ಡಿದರು.

ಕಳ್ಳ ಮಕ್ಕಳದೊಂದು ಗುಂಪು, ಒಳ್ಳೆಯ ಮಕ್ಕಳದೊಂದು ಗುಂಪು ಎಂದು ಬೇರೆಯಾಗುವುದೆಂದು ನಾವಾದರೆ ಎಣಿಸುತ್ತಿದ್ದೆವು. ಹಾಗಾಗಲಿಲ್ಲ. ಪರೀಕ್ಷೆಯಲ್ಲಿ ತಿದ್ದಿಕೊಂಡವನು ನಾಣ್ಯವನ್ನು ಮುಟ್ಟದೆ ಇರಬಹುದು. ಪಂದ್ಯದಲ್ಲಿ ಸುಳ್ಳು ಹೇಳಿದವಳು ಪರೀಕ್ಷೆಯಲ್ಲಿ ಸಾಚಾ ಇರಬಹುದು. ಪೂರ್ಣ ಹೊಂದಿಕೆಗೆ 1, ಹೊಂದಿಕೆಯೇ ಇಲ್ಲದುದಕ್ಕೆ 0 ಎಂದಿಟ್ಟುಕೊಂಡರೆ, ಒಂದು ಸಂದರ್ಭದ ನಡತೆಗೂ ಮತ್ತೊಂದರ ನಡತೆಗೂ ಇದ್ದ ಹೊಂದಿಕೆ ಸರಾಸರಿ 0.23ರ ಆಸುಪಾಸಿನಲ್ಲಿತ್ತು. 1928ರಲ್ಲಿ ಈ ಸಂಗತಿ ಅಚ್ಚಾಗಿ ಹೊರಬಂದಿತು.

ಇದನ್ನು ನಾನು ಓದಿದುದು ತಡವಾಗಿ. ಅದಕ್ಕೆ ಹಿಂದೆ ಕೆಲವು ವರ್ಷ ಮೇಷ್ಟರಾಗಿದ್ದೆನು. ಗಣಿತದ ಪರೀಕ್ಷೆಯಲ್ಲಿ ಒಬ್ಬ ಹುಡುಗನ ಅಂಗೈಯಲ್ಲಿ ಚೀಟಿಯೊಂದು ಸಿಕ್ಕಿತು. ಇಡೀ ತರಗತಿಯ ಎದುರಿಗೆ ಅವನನ್ನು ಕಳ್ಳನೆಂದು ಕರೆದೆನು. ಅದೇ ಹುಡುಗನು ಆ ತಿಂಗಳ ಮೊದಲಲ್ಲಿ ಆಟದ ಬಯಲಿನಲ್ಲಿ ಸಿಕ್ಕ ಹಣದ ಚೀಲವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದನು. ಎರಡನ್ನೂ ಒಟ್ಟಿಗಿಟ್ಟು ನೋಡುವ ಬುದ್ಧಿ ನನಗೆ ಅಂದು ಹೊಳೆಯಲಿಲ್ಲ. ಗಣಿತದಲ್ಲಿ ತಪ್ಪಿದರೆ ಮನೆಯಲ್ಲಿ ತಂದೆಯ ಬೆತ್ತ ಕಾದಿರುತ್ತಿದ್ದಿತೆಂದು ಆಮೇಲೆ ತಿಳಿಯಿತು. ತರಗತಿಯ ಹುಡುಗರು ಮಾತ್ರ ನಾನಿಟ್ಟ ಹೆಸರನ್ನು ಬಿಡಲಿಲ್ಲ. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ಹಾಗಾದರೆ ಸ್ವಭಾವವೆಂಬುದು ಬರಿಯ ಭ್ರಮೆಯೋ? ಕೆಲವರು ಅಷ್ಟು ದೂರ ಹೋದದ್ದುಂಟು. ಪ್ರಿನ್ಸ್‌ಟನ್ನಿನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬುವರು ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರು ಎತ್ತಿ ತೋರಿಸುವರು. ಪಾದ್ರಿಗಳಾಗಲು ಓದುತ್ತಿದ್ದ ನಲವತ್ತು ಮಂದಿ ತರುಣರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯನು ಕುಸಿದು ಕೆಮ್ಮುತ್ತಿದ್ದನು. ಹೊತ್ತಾಯಿತು, ಬೇಗ ನಡೆಯಿರಿ ಎಂದು ಅವಸರಪಡಿಸಿದ್ದವರಲ್ಲಿ ನೂರಕ್ಕೆ ಹತ್ತು ಮಂದಿ ಸಹಾಯ ಮಾಡಿದರು. ಸಾವಕಾಶವಾಗಿ ಹೊರಟವರಲ್ಲಿ ನೂರಕ್ಕೆ ಅರುವತ್ತಮೂರು. ಅವಸರವು ದಯೆಯನ್ನು ಅಷ್ಟರಮಟ್ಟಿಗೆ ನುಂಗಿಬಿಟ್ಟಿತು.

ಆದರೆ ಒಂದು ದಿನದ ಒಂದು ನಡತೆಯನ್ನು ನೋಡಿ ಸ್ವಭಾವವೇ ಇಲ್ಲವೆನ್ನುವುದೂ, ಅದೇ ಒಂದು ನಡತೆಯನ್ನು ನೋಡಿ ಸ್ವಭಾವವನ್ನು ನಿರ್ಧರಿಸುವುದೂ ಒಂದೇ ತೂಕದ ತಪ್ಪು. 1979ರಲ್ಲಿ ಎಪ್ಸ್‌ಟೈನ್ ಎಂಬಾತನು ಇದನ್ನು ಚೆನ್ನಾಗಿ ತೋರಿಸಿದನು. ಒಂದು ದಿನದಿಂದ ಮತ್ತೊಂದು ದಿನವನ್ನು ಊಹಿಸಲಾಗದು. ಹಲವು ದಿನಗಳ ನಡತೆಯನ್ನು ಕೂಡಿ ಸರಾಸರಿ ತೆಗೆದರೆ, ಆ ಸರಾಸರಿಯು ಮುಂದಿನ ಹಲವು ದಿನಗಳ ಸರಾಸರಿಯೊಡನೆ ಚೆನ್ನಾಗಿ ಕೂಡುವುದು. ಒಂದು ದಿನದ ಮೋಡದಿಂದ ಮುಂಗಾರು ಹೀಗೆಯೇ ಎಂದು ಯಾವ ರೈತನೂ ಹೇಳನಷ್ಟೆ.

ನನಗೆ ಎಲ್ಲಕ್ಕಿಂತ ಹೆಚ್ಚು ಬೆಳಕು ಕೊಟ್ಟುದು 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಷೋಡ, ಮಿಷೆಲ್ ಮತ್ತು ರೈಟ್ ಎಂಬುವರು ಬೇಸಗೆಯ ಶಿಬಿರವೊಂದರಲ್ಲಿ 84 ಮಕ್ಕಳನ್ನು ಆರು ವಾರಗಳ ಕಾಲ ಗಮನಿಸಿ ಬರೆದಿಟ್ಟುದನ್ನು ಪರಿಶೀಲಿಸಿದರು. ‘ಈ ಹುಡುಗ ಎಷ್ಟು ಸಿಡುಕ’ ಎಂದು ಅವರು ಕೇಳಲಿಲ್ಲ. ‘ಯಾವಾಗ ಸಿಡುಕುತ್ತಾನೆ’ ಎಂದು ಕೇಳಿದರು. ಒಬ್ಬನು ದೊಡ್ಡವರು ಎಚ್ಚರಿಕೆ ಹೇಳಿದಾಗ ಉರಿದೇಳುವನು, ಜೊತೆಯ ಹುಡುಗರು ಚೇಷ್ಟೆ ಮಾಡಿದರೆ ಸುಮ್ಮನಿರುವನು. ಇನ್ನೊಬ್ಬನು ದೊಡ್ಡವರ ಮಾತನ್ನು ಸಹಿಸುವನು, ಜೊತೆಯವರು ಸ್ನೇಹದಿಂದ ಹತ್ತಿರ ಬಂದರೂ ಮೈಮೇಲೆ ಬೀಳುವನು. ಒಟ್ಟು ಲೆಕ್ಕದಲ್ಲಿ ಇಬ್ಬರ ಕೋಪವೂ ಒಂದೇ ಅಳತೆಯದಾಗಿರಬಹುದು. ಆದರೆ ಪ್ರತಿಯೊಬ್ಬನ ‘ಹೀಗಾದರೆ ಹಾಗೆ’ ಎಂಬ ಕ್ರಮವು ಅವನದೇ ಆಗಿ, ವಾರದಿಂದ ವಾರಕ್ಕೆ ಸಾಕಷ್ಟು ನಿಲುಕಡೆಯಿಂದ ಉಳಿಯುತ್ತಿದ್ದಿತು. ಏರಿಳಿತವೂ ಸ್ವಭಾವದ ಒಳಗಿನದೇ ಎಂದಾಯಿತು.

ನಮ್ಮ ಮನೆಗಳನ್ನು ಈ ಕಣ್ಣಿನಿಂದ ನೋಡಿದರೆ ಬಹಳ ಒಗಟುಗಳು ಬಿಡಿಸಿಕೊಳ್ಳುವುವು. ಕಚೇರಿಯಲ್ಲಿ ಸಾಧುಪ್ರಾಣಿಯೆನಿಸಿಕೊಂಡ ಯಜಮಾನರು ಮನೆಯಲ್ಲಿ ಊಟಕ್ಕೆ ಕುಳಿತೊಡನೆ ಗುಡುಗುವರು. ಅವರು ವೇಷಧಾರಿಗಳಲ್ಲ. ಮೇಲಿನವರೆದುರು ತಗ್ಗುವುದೂ ತಮಗೆ ತಗ್ಗಿರುವವರೆದುರು ಏರುವುದೂ ಕೂಡಿ ಅವರ ಸ್ವಭಾವ. ಅತ್ತೆಯ ಮುಂದೆ ತುಟಿ ಬಿಚ್ಚದ ಸೊಸೆಯು ತವರಿಗೆ ಹೋದರೆ ಮನೆಯನ್ನೆಲ್ಲ ನಗಿಸುವಳು. ಆಕೆಯನ್ನು ಮೂಗಿಯೆಂದು ತಿಳಿದ ಅತ್ತೆ ಕಂಡದ್ದು ಅರ್ಧವನ್ನು. ನಮ್ಮ ವಿಷಯದಲ್ಲಿ ಮಾತ್ರ ನಾವು ಈ ನ್ಯಾಯವನ್ನು ಮರೆಯುವುದಿಲ್ಲವೆಂಬುದು ತಮಾಷೆ. ನಾವು ರೇಗಿದರೆ ನಿದ್ರೆ ಸಾಲದು, ತಲೆನೋವು, ಸೆಕೆ. ಪಕ್ಕದವರು ರೇಗಿದರೆ ಅವರ ಹುಟ್ಟುಗುಣ.

ದಾಂಪತ್ಯದ ವಿಚಾರವಾಗಿ ಒಂದು ದೀರ್ಘ ಪರಿಶೀಲನೆಯುಂಟು. 1930ರ ದಶಕದಲ್ಲಿ ಅಮೆರಿಕದಲ್ಲಿ ಮದುವೆ ನಿಶ್ಚಯವಾಗಿದ್ದ 300 ಜೋಡಿಗಳ ಗುಣಗಳನ್ನು ಅವರ ಪರಿಚಿತರಿಂದ ಕೇಳಿ ಬರೆದಿಟ್ಟುಕೊಂಡು, 1980ರ ಸುಮಾರಿನವರೆಗೆ ಅವರನ್ನು ವಿಚಾರಿಸುತ್ತ ಬಂದರು. ಕೆಲ್ಲಿ ಮತ್ತು ಕಾನ್ಲಿ ಎಂಬುವರು 1987ರಲ್ಲಿ ಇದರ ಫಲವನ್ನು ಪ್ರಕಟಿಸಿದರು. ಗಂಡಹೆಂಡಿರಲ್ಲಿ ಯಾರಿಗೇ ಆಗಲಿ ಮನಸ್ಸಿನ ತಳಮಳ ಹೆಚ್ಚಾಗಿದ್ದರೆ, ಅಥವಾ ಗಂಡನಿಗೆ ತನ್ನ ಆವೇಗವನ್ನು ತಡೆಹಿಡಿಯುವ ಶಕ್ತಿ ಕಡಮೆಯಾಗಿದ್ದರೆ, ಮದುವೆ ಮುರಿಯುವುದೋ ಸುಖವಿಲ್ಲದೆ ಸವೆಯುವುದೋ ಹೆಚ್ಚಾಗಿ ಕಂಡುಬಂದಿತು. ಐವತ್ತು ವರ್ಷದ ಬಾಳಿನ ಸುಳಿವು ಪರಿಚಿತರ ಮಾತಿನಲ್ಲಿ ಮುಂಚೆಯೇ ಅಷ್ಟಿಷ್ಟು ಅಡಗಿದ್ದಿತು. ಅವರು ಒಂದು ಸಂಜೆ ನೋಡಿದವರಲ್ಲ. ಹಲವು ಕಾಲ, ಹಲವು ಸಂದರ್ಭಗಳಲ್ಲಿ ಬಲ್ಲವರು. ನಮ್ಮಲ್ಲಿ ವರನ ಗುಣ ತಿಳಿಯಬೇಕಾದರೆ ಅವನ ಸೋದರಮಾವನನ್ನು ಕೇಳುವರು, ಜಾತಕ ಬಲ್ಲವರನ್ನು ಕೇಳುವರು. ಹಾಸ್ಟೆಲಿನಲ್ಲಿ ಮೂರು ವರ್ಷ ಅವನೊಡನೆ ಒಂದೇ ಕೊಠಡಿಯಲ್ಲಿದ್ದವನನ್ನು ಹುಡುಕಿಕೊಂಡು ಹೋದ ಹೆಣ್ಣಿನ ತಂದೆಯನ್ನು ನಾನು ಕಂಡಿರುವುದು ಒಬ್ಬರನ್ನೇ. ಅವರು ಅಲ್ಲಿ ಕೇಳಿದುದು ಒಂದೇ ಪ್ರಶ್ನೆ: ‘ಊಟ ತಡವಾದ ದಿನ ಈ ಹುಡುಗ ಅಡಿಗೆಯವನೊಡನೆ ಹೇಗಿರುತ್ತಿದ್ದ?’