ಜಪಾನ್ ಹಬ್ಬದಲ್ಲಿ ನೆನಪಾದ ಮುಟ್ಟಾಳೆ

ಫೆಬ್ರುವರಿ ಬಂತೆಂದರೆ ಬೆಂಗಳೂರಿನ ರಸ್ತೆಬದಿಯ ತಬೆಬುಯಾ ಮರಗಳಲ್ಲಿ ಗುಲಾಬಿ ಬಣ್ಣದ ಹೂ. "ಇದೇ ನಮ್ಮ ಸಕುರಾ" ಅಂತ ಫೋಟೋ ಹಾಕುವವರಿಗೆ ಲೆಕ್ಕವಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ‘ಜಪಾನ್ ಹಬ್ಬ’ವೂ ನಡೆಯುತ್ತದೆ. 2005ರಲ್ಲಿ ಶುರುವಾದ ಇದನ್ನು ಜಪಾನಿ ಭಾಷೆ ಕಲಿಸುವವರು, ಕಲಿಯುವವರು, ಇಲ್ಲಿ ನೆಲೆಸಿರುವ ಜಪಾನಿಯರು ಒಟ್ಟು ಸೇರಿ ಮಾಡುತ್ತಾರೆ. ಹೆಸರಿನಲ್ಲೇ ನಮ್ಮ ಕನ್ನಡದ ‘ಹಬ್ಬ’ ಉಂಟಲ್ಲ, ಅದೇ ಒಂದು ಖುಷಿ.

ಒಂದು ದಿನ ಪೂರ್ತಿ ಅಲ್ಲೇ ಸುತ್ತಾಡಿದೆ. ಕಾಮಿಕ್ಸ್ ಪಾತ್ರಗಳ ವೇಷ ತೊಟ್ಟ ಕಾಲೇಜು ಹುಡುಗರು, ಯುಕಾತಾ ಉಟ್ಟು ಸೆಲ್ಫಿ ತೆಗೆಯುವ ಅಮ್ಮ-ಮಗಳು, ಕುಂಚದಲ್ಲಿ ಜಪಾನಿ ಲಿಪಿ ಬರೆಯುವವರ ಸಾಲು. ನೋಡಿ ಹೋಗಲು ಯಾರೂ ಬಿಡುವುದಿಲ್ಲ ಮಾರಾಯ್ರೆ, ಕೂರಿಸಿ ಮಾಡಿಸುತ್ತಾರೆ. ಒರಿಗಾಮಿ ಮೇಜಿನಲ್ಲಿ ನನ್ನ ಕೈಗೂ ಒಂದು ಚೌಕ ಕಾಗದ ಬಂತು. ಕತ್ತರಿ ಇಲ್ಲ, ಅಂಟು ಇಲ್ಲ. ಮಡಚುತ್ತಾ ಮಡಚುತ್ತಾ ಅದು ಕೊಕ್ಕರೆಯಾಯಿತು.

ಆಗ ನೆನಪಾದದ್ದು ಸುಳ್ಯದ ನಮ್ಮ ಅಜ್ಜನ ಕೈ. ಅಡಿಕೆಯ ಹಾಳೆಯನ್ನು ನೀರಲ್ಲಿ ನೆನೆಸಿ ಮೆದು ಮಾಡಿ, ಮಡಚಿ, ಹೊಲಿದು ಮುಟ್ಟಾಳೆ ಮಾಡುತ್ತಿದ್ದರು. ಬಿಸಿಲಿಗೂ ತಲೆಹೊರೆಗೂ ಅದೇ ಟೊಪ್ಪಿ. ನಮ್ಮ ಮನೆಯಲ್ಲಿ ಆ ಕೆಲಸ ಅಜ್ಜನಿಗೇ ನಿಂತಿತು. ಈಗ ಹಾಳೆಗೂ ಕುತ್ತು ಬಂದಿದೆ. ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಹೋಗಿದೆ. ರಬ್ಬರ್ ಇಟ್ಟವರೂ ಇದ್ದಾರೆ.

ಜಪಾನಿನಲ್ಲಿ ಬೇಸಗೆಯ ‘ಓಬೊನ್’ ದಿನಗಳಲ್ಲಿ ತೀರಿಹೋದ ಹಿರಿಯರು ಮನೆಗೆ ಬರುತ್ತಾರೆಂಬ ನಂಬಿಕೆ. ಊರವರು ವೃತ್ತವಾಗಿ ನಿಂತು ‘ಬೊನ್ ಒದೊರಿ’ ಕುಣಿಯುವುದು ಅದಕ್ಕೇ. ನಮ್ಮಲ್ಲಿ ಆಟಿ ತಿಂಗಳಲ್ಲಿ ಹಿರಿಯರಿಗೆ ಅಗೆಲು ಬಡಿಸುತ್ತೇವೆ. ಎರಡೂ ಬರುವುದು ಸುಮಾರಿಗೆ ಜುಲೈ-ಆಗಸ್ಟ್‌ನಲ್ಲೇ! ಹಿರಿಯರಿಗೆ ಊಟ ಬಡಿಸುವುದನ್ನು ನಾವು ಮರೆತಿಲ್ಲ. ಅವರ ಕೈಕೆಲಸ ಮಾತ್ರ ಯಾರ ಕೈಗೂ ದಾಟಿಲ್ಲ.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ. ಜನವರಿಯಲ್ಲಿ ಸುಳ್ಯದ ಚೆನ್ನಕೇಶವ ದೇವರ ಜಾತ್ರೆಗೆ ಊರೆಲ್ಲ ಸೇರುತ್ತದೆ. ಚುರುಮುರಿ, ಐಸ್‌ಕ್ರೀಮ್ ಅಂಗಡಿಗಳ ಪಕ್ಕ ಒಂದು ಚಾಪೆ, ಒಂದು ಕಟ್ಟು ಹಾಳೆ, ಮುಟ್ಟಾಳೆ ಮಾಡಲು ಗೊತ್ತಿರುವ ಒಬ್ಬರು ಹಿರಿಯರು ಇದ್ದರೆ ಸಾಕು. ಮಕ್ಕಳು ತಾವೇ ಮಾಡಿದ ಮುಟ್ಟಾಳೆ ಇಟ್ಟುಕೊಂಡು ಜಾತ್ರೆ ಸುತ್ತಲಿ. ನಿಮ್ಮ ಊರಲ್ಲಿ ಇದನ್ನು ಬಲ್ಲವರು ಇದ್ದರೆ, ಈ ರಜೆಯಲ್ಲೇ ಮಕ್ಕಳನ್ನು ಅವರ ಹತ್ತಿರ ಕೂರಿಸಿ.